ನಾವು ಒತ್ತಾಯ ಮಾಡಿದರೂ ಹತ್ತಿರ ಒಯ್ಯಬೇಡಿರಿ

ಕಾರವಾರ, ದೇವಬಾಗ, ಗೋಕರ್ಣ, ಮುರ್ಡೇಶ್ವರದ ಕಡಲಿನಲ್ಲಿ ಪ್ರವಾಸಿಗರ ಬೋಟು ನಡೆಸುವ ಅಣ್ಣಂದಿರಿಗೆ,

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ನಿಮ್ಮ ಗಿರಾಕಿಗಳಲ್ಲಿ ಒಬ್ಬ ನಾನು.

ಗಿರಾಕಿ ಪತ್ರ ಬರೆದರೆ ಅದರಲ್ಲಿ ದೂರು ಇರುತ್ತದೆ: ಬಾಡಿಗೆ ಜಾಸ್ತಿಯಾಯಿತು, ಹೇಳಿದ್ದನ್ನು ತೋರಿಸಲಿಲ್ಲ, ಹೊತ್ತಿಗೆ ಮೊದಲೇ ದಂಡೆಗೆ ತಂದು ಬಿಟ್ಟರು ಎಂದು. ನನ್ನ ಪತ್ರದಲ್ಲಿ ದೂರಿಲ್ಲ. ಒಂದು ವಿನಂತಿ ಇದೆ, ಅದು ನಿಮಗೆ ವಿಚಿತ್ರ ಅನಿಸಬಹುದು. ಡಾಲ್ಫಿನ್ ನೋಡಲು ಬಂದ ನಾವು ಬೋಟಿನಲ್ಲಿ ಕೂತು ಕೇಳುವುದನ್ನು ನಡೆಸಿಕೊಡಬೇಡಿರಿ. ಇನ್ನೂ ಹತ್ತಿರ ಒಯ್ಯಿರಿ ಎಂದಾಗ ಆಗುವುದಿಲ್ಲ ಎನ್ನಿರಿ. ನಾವು ಸಿಟ್ಟಾದರೂ ಎನ್ನಿರಿ. ದುಡ್ಡು ಕೊಡುವವನೇ ಹೀಗೆ ಕೈಮುಗಿದು ಕೇಳಲು ಕಾರಣವಿದೆ. ಅದನ್ನು ಹೇಳಲು ನಮ್ಮ ಊರಿನಿಂದಲೇ ಸುರು ಮಾಡಬೇಕು.

ನಮ್ಮ ಹಾವೇರಿ ಜಿಲ್ಲೆಗೆ ಕಡಲಿಲ್ಲ. ತುಂಗಭದ್ರೆ, ವರದಾ, ಕುಮುದ್ವತಿ, ಧರ್ಮಾ, ಇಷ್ಟೇ ನಮ್ಮ ನೀರು. ಮಳೆಗಾಲದಲ್ಲಿ ವರದೆ ಉಕ್ಕಿ ಹೊಲಕ್ಕೆ ನುಗ್ಗುತ್ತಾಳೆ, ಬೇಸಿಗೆಗೆ ಹಾಸುಗಲ್ಲು ಕಾಣುತ್ತವೆ. ಕೊರೆಸಿದ ಬೋರಿನಲ್ಲಿ ನೀರು ಬಿದ್ದರೆ ಕಾಯಿ ಒಡೆದು ಪೂಜೆ ಮಾಡುವ ಜನ ನಾವು. ಅಂಥವರಿಗೆ ಘಟ್ಟ ಇಳಿದು ಕಡಲು ನೋಡುವುದೆಂದರೆ ಏನು ಎಂಬುದು ದಿನಾ ಅದರ ಮೇಲೆಯೇ ಇರುವ ನಿಮಗೆ ಊಹಿಸಲು ಕಷ್ಟವಾದೀತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ಕೈಗೆ ನಾಲ್ಕು ಕಾಸು ಬಂದ ಮನೆಯವರು, ರಾಣೇಬೆನ್ನೂರಿನ ಬೀಜೋತ್ಪಾದನೆ ಹೊಲಗಳಲ್ಲಿ ಬೆಳಗ್ಗಿನಿಂದ ಬಗ್ಗಿಕೊಂಡು ಹೂವಿಗೆ ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳು, ಡಿಸೆಂಬರ್ ಪ್ರವಾಸದ ಶಾಲಾ ಮಕ್ಕಳು, ಹೀಗೆ ಎಲ್ಲರೂ ಒಂದೊಂದು ಟೆಂಪೋ ತುಂಬಿಕೊಂಡು ನಡುರಾತ್ರಿಯೇ ಹೊರಡುತ್ತೇವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರಬುತ್ತಿ ಕಟ್ಟಿಕೊಂಡಿರುತ್ತೇವೆ. ಹಾನಗಲ್ಲು, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವುದು ಒಂದು ದಾರಿ. ಯಲ್ಲಾಪುರಕ್ಕೆ ಹೋಗಿ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಬರುವುದು ಇನ್ನೊಂದು. ಯಾವ ದಾರಿಯಲ್ಲಿ ಬಂದರೂ ತಿರುವುಗಳಲ್ಲಿ ಅರ್ಧ ಜನಕ್ಕೆ ವಾಂತಿಯಾಗಿರುತ್ತದೆ. ಆದರೂ ತೆಂಗಿನ ತೋಟದ ಸಂದಿಯಲ್ಲಿ ಮೊದಲ ಸಲ ನೀರು ಮಿನುಗಿದಾಗ ಇಡೀ ಗಾಡಿ ಒಂದೇ ಸಲ ಕೂಗುತ್ತದೆ.

ಹೀಗೆ ಬಂದವರು ನಿಮ್ಮ ಬೋಟು ಹತ್ತುತ್ತೇವೆ. ಲೈಫ್ ಜಾಕೆಟಿನ ಪಟ್ಟಿ ಬಿಗಿಯಲು ಬರುವುದಿಲ್ಲ, ನೀವೇ ಬಂದು ಬಿಗಿಯುತ್ತೀರಿ. ಬೋಟು ಕಾಳಿ ನದಿಯ ಬಾಯಿ ದಾಟುವವರೆಗೆ ಎಲ್ಲರೂ ಹೆದರಿ ಗಪ್ಪನೆ ಕೂತಿರುತ್ತಾರೆ. ಆಮೇಲೆ ದೂರದಲ್ಲಿ ಒಂದು ಬೂದು ಬೆನ್ನು ನೀರಿನಿಂದ ಮೇಲೆ ಬಂದು ಇಳಿಯುತ್ತದೆ. ಅಲ್ಲಿಗೆ ನಮ್ಮ ಹೆದರಿಕೆ ಮುಗಿಯಿತು. ‘ಅಲ್ನೋಡ್ರೀ, ಅಲ್ನೋಡ್ರೀ’ ಎಂದು ಹದಿನೈದು ಕೈ ಹದಿನೈದು ದಿಕ್ಕಿಗೆ ಚಾಚುತ್ತವೆ. ಎಲ್ಲರೂ ಒಂದೇ ಮಗ್ಗುಲಿಗೆ ಸರಿದು ಬೋಟು ವಾಲುತ್ತದೆ. ‘ನಂಗ ಕಾಣವಲ್ದು’ ಎಂದು ಹಿಂದಿನ ಸಾಲಿನ ಮಗು ಅಳುತ್ತದೆ. ಮೊಬೈಲು ಹಿಡಿದವರಿಗೆ ಖಾಲಿ ನೀರಷ್ಟೇ ಸಿಕ್ಕಿರುತ್ತದೆ. ಆಗ ಯಾರೋ ಒಬ್ಬರು, ಸಾಮಾನ್ಯವಾಗಿ ಬಾಡಿಗೆ ಕೊಟ್ಟವರೇ, ‘ಅಣ್ಣಾ, ಇನ್ನಾ ಹತ್ರ ತೊಗೊಂಡ್ ಹೋಗ್ರಿ, ಇಷ್ಟ ದೂರಿಂದ ಬಂದೀವಿ’ ಎನ್ನುತ್ತಾರೆ. ನೀವು ಎಂಜಿನ್ ಏರಿಸುತ್ತೀರಿ. ಅದೇ ಹೊತ್ತಿಗೆ ಇನ್ನೆರಡು ಬೋಟುಗಳಲ್ಲಿಯೂ ಇದೇ ಮಾತು ನಡೆದಿರುತ್ತದೆ. ಮೂರು ದಿಕ್ಕಿನಿಂದ ಮೂರು ಬೋಟು ಆ ಬೆನ್ನು ಮುಳುಗಿದ ಜಾಗಕ್ಕೆ ನುಗ್ಗುತ್ತವೆ.

ಅಲ್ಲಿ ಬೆನ್ನು ಮತ್ತೆ ಏಳುವುದಿಲ್ಲ. ಎಷ್ಟೋ ದೂರದಲ್ಲಿ, ಬೇರೆ ಕಡೆ ಏಳುತ್ತದೆ. ನಾವು ಮತ್ತೆ ಅತ್ತ ಕೈ ಚಾಚುತ್ತೇವೆ.

ಇದನ್ನೆಲ್ಲ ನಿಮಗೆ ನಾನು ಹೇಳಬೇಕಿಲ್ಲ, ನೀವು ದಿನಾ ನೋಡುತ್ತೀರಿ. ಆದರೆ ನಮ್ಮ ಕಡೆಯ ಓದುಗರಿಗೆ ಆ ಬೂದು ಬೆನ್ನು ಯಾರದು ಎಂದು ಗೊತ್ತಾಗಲಿ ಎಂದು ಸ್ವಲ್ಪ ವಿವರಿಸುತ್ತೇನೆ. ನಮ್ಮ ಕರಾವಳಿಯಲ್ಲಿ ದಂಡೆಯ ಹತ್ತಿರ ಹೆಚ್ಚಾಗಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ವಿಜ್ಞಾನಿಗಳು ಅದನ್ನು ಸೌಸಾ ಪ್ಲಂಬಿಯಾ ಎನ್ನುತ್ತಾರೆ. ದಕ್ಷಿಣ ಆಫ್ರಿಕಾದಿಂದ ಭಾರತದವರೆಗೆ ದಂಡೆಯ ಅಂಚಿನಲ್ಲೇ ಇದರ ವಾಸ. ಬೆನ್ನಿನ ಮೇಲೆ ಉದ್ದನೆಯ ಗೂನು, ಆ ಗೂನಿನ ತುದಿಯಲ್ಲಿ ಒಂದು ಚಿಕ್ಕ ರೆಕ್ಕೆ. ಟೀವಿಯಲ್ಲಿ ನೋಡಿದಂತೆ ಇದು ಮೇಲಿಂದ ಮೇಲೆ ಗಾಳಿಗೆ ಹಾರಿ ಲಾಗ ಹಾಕುವುದಿಲ್ಲ. ಮೊದಲು ಮೂತಿ ಕಾಣುತ್ತದೆ, ಆಮೇಲೆ ನೆತ್ತಿಯ ಮೇಲಿನ ತೂತಿನಿಂದ ‘ಫುಸ್’ ಎಂದು ಉಸಿರು ಹೊರಬೀಳುತ್ತದೆ, ಬೆನ್ನು ಬಾಗುತ್ತದೆ, ಗೂನು ಜಾರುತ್ತದೆ, ಮುಗಿಯಿತು. ಎಂಜಿನ್ ನಿಂತಿದ್ದರೆ ಮಾತ್ರ ಆ ಉಸಿರು ಕೇಳುತ್ತದೆ. ಮೀನಿನ ಹಾಗೆ ಕಿವಿರು ಇಲ್ಲದ್ದರಿಂದ ಪ್ರತಿ ಉಸಿರಿಗೂ ಅದು ಮೇಲೆ ಬರಲೇಬೇಕು. ನಾವು ಮನರಂಜನೆ ಎಂದು ನೋಡುವುದು ಅದು ಉಸಿರಾಡುವ ಹೊತ್ತನ್ನು. ಮೇಲೆ ಬಂದಾಗಲೆಲ್ಲ ಅಲ್ಲೊಂದು ಬೋಟು ಕಾದಿದ್ದರೆ ಅದು ಹೆಚ್ಚು ಹೊತ್ತು ಮುಳುಗಿರಲು ನೋಡುತ್ತದೆ, ಮೇಯುವುದನ್ನೂ ವಿಶ್ರಾಂತಿಯನ್ನೂ ಬಿಟ್ಟು ಜಾಗ ಬದಲಿಸುತ್ತದೆ.

ಮೇಯುವುದು ಎಂದೆ. ನದಿ ಕಡಲು ಸೇರುವ ಬಾಯಲ್ಲಿ, ಆಳವಿಲ್ಲದ ಕದಡಿದ ನೀರಿನಲ್ಲಿ ಅದು ಮೀನು ಹುಡುಕುತ್ತದೆ. ಅಲ್ಲಿ ಕಣ್ಣು ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಟಿಕ್ ಟಿಕ್ ಎಂಬ ಸದ್ದು ಬಿಟ್ಟು, ಅದು ಮೀನಿಗೆ ಬಡಿದು ಮರಳಿ ಬರುವುದನ್ನು ಕೇಳಿಸಿಕೊಂಡು ದಾರಿಯನ್ನೂ ಆಹಾರವನ್ನೂ ಗುರುತಿಸುತ್ತದೆ. ಮರಿಯನ್ನು ಕರೆಯುವುದೂ ಸದ್ದಿನಿಂದಲೇ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ, ಬಹಳ ದೂರ ಹೋಗುತ್ತದೆ. ಅಂಥ ಕಡೆ ನಾಲ್ಕಾರು ಎಂಜಿನ್ನುಗಳು ಸುತ್ತುವರಿದರೆ ಅದಕ್ಕೆ ಏನಾಗುತ್ತದೆ ಎಂಬುದನ್ನು ಬ್ಯಾಡಗಿಯವರಿಗೆ ಹೀಗೆ ಹೇಳಬಹುದು: ಟೆಂಡರಿನ ದಿನ ಮಾರುಕಟ್ಟೆಯಲ್ಲಿ ಚೀಲ ಸುರುವಿದಾಗ ಘಾಟು ಎದ್ದು ಕಣ್ಣು ಬಿಡಲಾಗದೆ, ಪಕ್ಕದಲ್ಲಿದ್ದ ಮಗನ ಕೈ ಎಲ್ಲಿದೆ ಎಂದು ತಡಕಾಡುವ ಹೊಸಬನ ಸ್ಥಿತಿ ಅದರದ್ದು. ವ್ಯತ್ಯಾಸ ಇಷ್ಟೇ, ಹೊಸಬ ಮಾರುಕಟ್ಟೆಯಿಂದ ಹೊರಗೆ ಬರಬಹುದು. ದಂಡೆಯ ಅಂಚಿನ ಆ ಆಳವಿಲ್ಲದ ನೀರು ಬಿಟ್ಟು ಈ ಪ್ರಾಣಿಗೆ ಬೇರೆ ಮನೆ ಇಲ್ಲ. ನಡುಗಡಲಿಗೆ ಹೋಗಿ ಬದುಕುವ ಜಾತಿ ಅದಲ್ಲ.

ಇನ್ನು ಮರಿ. ಹೆಣ್ಣು ಡಾಲ್ಫಿನ್ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಬಸಿರು ಸುಮಾರು ಒಂದು ವರ್ಷದ್ದು. ಒಂದು ಮರಿಗೂ ಮುಂದಿನ ಮರಿಗೂ ಹಲವು ವರ್ಷಗಳ ಅಂತರ. ಮರಿ ನೀರಿನೊಳಗೇ, ಈಜುತ್ತಲೇ ತಾಯಿಯ ಹಾಲು ಕುಡಿಯುತ್ತದೆ. ಒಂದೊಂದು ಸಲವೂ ಕೆಲವೇ ಕ್ಷಣ. ತಾಯಿ ಬೆದರಿ ಓಡತೊಡಗಿದರೆ ಹಾಲೂ ನಿಲ್ಲುತ್ತದೆ. ಇಂಥ ಪ್ರಾಣಿಯ ಸಂಖ್ಯೆ ಒಮ್ಮೆ ಇಳಿದರೆ ಮತ್ತೆ ಏರಲು ನಮ್ಮ ಆಯುಷ್ಯ ಸಾಲದು. ಜಗತ್ತಿನ ಜೀವಜಾತಿಗಳ ಸ್ಥಿತಿಗತಿ ದಾಖಲಿಸುವ ಐಯುಸಿಎನ್ ಈ ಡಾಲ್ಫಿನ್ನನ್ನು ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿದೆ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದನ್ನು ಮೊದಲ ಅನುಸೂಚಿಯಲ್ಲಿ, ಹುಲಿ ಇರುವ ಪಂಕ್ತಿಯಲ್ಲೇ ಇಟ್ಟಿದೆ. ಅದೇ ಕಾಯಿದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಾಗುವುದಿಲ್ಲ. ಬೆನ್ನಟ್ಟುವುದು, ಅಟ್ಟಿ ಓಡಿಸುವುದು ಕೂಡ ಬೇಟೆಯೇ. ನಾಗರಹೊಳೆಯಲ್ಲಿ ಹುಲಿಯ ಹಿಂದೆ ಜೀಪು ಓಡಿಸಿರಿ ಎಂದು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಕಡಲಿನಲ್ಲಿ ಮಾತ್ರ ನಾವು ಸಲೀಸಾಗಿ ಕೇಳುತ್ತೇವೆ.

ರಾಣೇಬೆನ್ನೂರಿನವನಾಗಿ ನನಗೆ ಈ ವಿಷಯ ಚುಚ್ಚುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಊರ ಪಕ್ಕದಲ್ಲೇ ಕೃಷ್ಣಮೃಗ ಅಭಯಾರಣ್ಯವಿದೆ. 1974ರಲ್ಲಿ ಆದದ್ದು, ಸುಮಾರು 119 ಚದರ ಕಿಲೋಮೀಟರ್. ಆಗ ಅಲ್ಲಿ ಕೃಷ್ಣಮೃಗದ ಜತೆಗೆ ಎರೆಭೂತ ಹಕ್ಕಿಯೂ ಇತ್ತು. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುತ್ತಾರಲ್ಲ, ಅದೇ. ಸುಮಾರು ಒಂದು ಮೀಟರ್ ಎತ್ತರ, ಭಾರವಾದ ಮೈ, ಹುಲ್ಲುಗಾವಲಿನಲ್ಲಿ ನಿಧಾನಕ್ಕೆ ಹೆಜ್ಜೆ ಇಡುವ ಹಕ್ಕಿ. ಇದು ಕೂಡ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದನ್ನೂ ಬರಿ ನೆಲದ ಮೇಲೆ. ಅದಕ್ಕೆ ಬೇಕಾದದ್ದು ತೆರೆದ ಬಯಲು. ಆ ಬಯಲಿಗೆ ನೀಲಗಿರಿ ನೆಟ್ಟರು. ಹಸಿರಾಯಿತು ಎಂದು ಎಲ್ಲರೂ ಸಂತೋಷಪಟ್ಟರು. ಹಕ್ಕಿ ಉಳಿಯಲಿಲ್ಲ. ಇಂದು ಇಡೀ ದೇಶದಲ್ಲಿ ನಿಸರ್ಗದಲ್ಲಿ ಉಳಿದಿರುವ ಎರೆಭೂತಗಳು ಇನ್ನೂರರೊಳಗೆ, ಹೆಚ್ಚಿನವು ರಾಜಸ್ಥಾನದ ಮರುಭೂಮಿಯಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು. ರಾಣೇಬೆನ್ನೂರಿನ ಮಕ್ಕಳು ಅದನ್ನು ಚಿತ್ರದಲ್ಲಿ ನೋಡುತ್ತಾರೆ. ಯಾರೂ ಅದರ ಮೇಲೆ ದ್ವೇಷ ಇಟ್ಟುಕೊಂಡಿರಲಿಲ್ಲ. ಪ್ರತಿಯೊಬ್ಬರೂ ತಮಗೆ ಸರಿ ಅನಿಸಿದ್ದನ್ನೇ ಮಾಡಿದರು, ಅಷ್ಟರಲ್ಲೇ ಅದು ಹೋಯಿತು. ಕೃಷ್ಣಮೃಗ ಗಟ್ಟಿ ಜೀವ, ಉಳಿದುಕೊಂಡಿದೆ. ನಮ್ಮ ಹೊಲದ ಫಸಲು ತಿಂದರೂ ಬಹಳ ರೈತರು ಬೈದುಕೊಂಡೇ ಸಹಿಸಿದ್ದಾರೆ, ಅದಕ್ಕಾಗಿ ಉಳಿದಿದೆ. ಒಂದು ಪ್ರಾಣಿಯನ್ನು ಕಳೆದುಕೊಂಡು ಇನ್ನೊಂದನ್ನು ಉಳಿಸಿಕೊಂಡ ನೆಲದಿಂದ ಬಂದು, ನಿಮ್ಮ ನೀರಿನಲ್ಲಿ ಮೂರನೆಯದರ ಬೆನ್ನು ಹತ್ತುವುದು ನಮಗೆ ಶೋಭೆಯಲ್ಲ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಮಳೆಗಾಲದಲ್ಲಿ ಪ್ರವಾಸಿಗರ ಬೋಟೂ ದಂಡೆಯ ಮೇಲೆ ಮಲಗುತ್ತದೆ. ಕಳೆದ ಹಲವು ದಶಕಗಳಲ್ಲಿ ಕಾರವಾರದ ಮೀನುಗಾರರ ಕಡಲು ಕಿರಿದಾಗುತ್ತಲೇ ಬಂದಿದೆ. ಪರ್ಸೀನ್ ಬಲೆ ಬಂದು ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ಸೀಬರ್ಡ್ ನೌಕಾನೆಲೆಗೆ ಊರುಗಳನ್ನೇ ಬಿಟ್ಟುಕೊಟ್ಟಿರಿ, ಎಷ್ಟೋ ದಂಡೆಗಳು ನಿಮ್ಮ ಕೈತಪ್ಪಿದವು. ಬಂದರು ವಿಸ್ತರಣೆಯ ವಿರುದ್ಧ ಕಾರವಾರದಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲೆಯ ಕೇಣಿಯಲ್ಲಿ ನಿಮ್ಮ ಹೆಣ್ಣುಮಕ್ಕಳು ಬೀದಿಗಿಳಿದದ್ದನ್ನು ಪತ್ರಿಕೆಯಲ್ಲಿ ಓದಿದ್ದೇವೆ. ಬಂಗಡೆ, ತಾರ್ಲೆ ಸಿಗದ ವರ್ಷ ಪ್ರವಾಸಿಗರ ಬಾಡಿಗೆಯೇ ಮನೆ ನಡೆಸುತ್ತದೆ. ಹೀಗಿರುವಾಗ ಮೇಲಿನ ಊರಿನಿಂದ ಬಂದವನೊಬ್ಬ ನಿಮಗೆ ಡಾಲ್ಫಿನ್ ಉಪದೇಶ ಮಾಡಿದರೆ ಸಿಟ್ಟು ಬರುವುದು ಸಹಜ. ‘ನಮ್ಮ ಬೋಟಿನಿಂದ ಸತ್ತವೆಷ್ಟು, ಬಲೆಗೆ ಸಿಕ್ಕಿ ಸತ್ತವೆಷ್ಟು, ಮೊದಲು ಅದನ್ನು ಹೇಳು’ ಎಂದು ನೀವು ಕೇಳಬಹುದು. ಕೇಳುವ ಹಕ್ಕು ನಿಮಗಿದೆ. ಜಗತ್ತಿನೆಲ್ಲೆಡೆ ಇಂಥ ಡಾಲ್ಫಿನ್ನುಗಳಿಗೆ ದೊಡ್ಡ ಅಪಾಯ ಬಲೆಗಳದ್ದೇ, ವಿಶೇಷವಾಗಿ ಬೀಡುಬಲೆಗಳದ್ದು. ಬಂದರಿನ ಹೂಳೆತ್ತುವ ಕೆಲಸ, ನದಿಯ ಕೊಳೆ, ಹಡಗುಗಳ ಸದ್ದು, ಇವೂ ಸೇರುತ್ತವೆ. ಅವುಗಳ ಲೆಕ್ಕವನ್ನು ಸರ್ಕಾರ ಕೊಡಬೇಕು, ಆ ಮಾತನ್ನು ನಾವೂ ನಿಮ್ಮ ಜತೆ ನಿಂತು ಕೇಳಬೇಕು.

ಆದರೆ ಬೋಟಿನಿಂದ ಏನೂ ಆಗುವುದಿಲ್ಲ ಎಂಬುದು ನಿಜವಲ್ಲ. ಆಸ್ಟ್ರೇಲಿಯಾದ ಪಶ್ಚಿಮ ದಂಡೆಯಲ್ಲಿ ಶಾರ್ಕ್ ಬೇ ಎಂಬ ಕೊಲ್ಲಿ ಇದೆ. ಅಲ್ಲಿನ ಡಾಲ್ಫಿನ್ನುಗಳನ್ನು ಸಂಶೋಧಕರು ಒಂದೊಂದನ್ನೂ ರೆಕ್ಕೆಯ ಗುರುತಿನಿಂದ ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಿದರು. ಪ್ರವಾಸಿ ಬೋಟಿನ ಪರವಾನಗಿ ಒಂದಿದ್ದದ್ದು ಎರಡಾದ ಮೇಲೆ ಆ ಜಾಗದಲ್ಲಿ ಡಾಲ್ಫಿನ್ನುಗಳು ಕಡಿಮೆಯಾದವು. ಕೇವಲ ಎರಡು ಪರವಾನಗಿ, ಅದೂ ನಿಯಮ ಪಾಲಿಸುತ್ತಿದ್ದ ಬೋಟುಗಳು. 2006ರಲ್ಲಿ ಆ ಅಧ್ಯಯನ ಪ್ರಕಟವಾಯಿತು, ಸರ್ಕಾರ ಒಂದು ಪರವಾನಗಿಯನ್ನು ಹಿಂದಕ್ಕೆ ಪಡೆಯಿತು. ನ್ಯೂಜಿಲೆಂಡಿನ ಬೇ ಆಫ್ ಐಲ್ಯಾಂಡ್ಸ್‌ನಲ್ಲಿ ಡಾಲ್ಫಿನ್ ಎಷ್ಟು ಕಡಿಮೆಯಾದವೆಂದರೆ 2021ರಲ್ಲಿ ಬೋಟುಗಳು ಅವುಗಳಿಂದ 400 ಮೀಟರ್ ದೂರ ನಿಲ್ಲಬೇಕು ಎಂದು ಕಾನೂನೇ ಮಾಡಿದರು. ಅಲ್ಲಿ ಡಾಲ್ಫಿನ್ ತೋರಿಸಿ ಹೊಟ್ಟೆ ಹೊರೆಯುತ್ತಿದ್ದವರ ಗತಿ ಏನಾಯಿತು ಎಂದು ನೀವೇ ಯೋಚಿಸಿರಿ. ಆ ಹಂತ ಮುಟ್ಟುವ ಮೊದಲು ಐವತ್ತು, ನೂರು ಮೀಟರು ಬಿಟ್ಟು ನಿಂತಿದ್ದರೆ ಅವರ ಕಸುಬು ಉಳಿಯುತ್ತಿತ್ತೇನೋ.

ನನ್ನ ದೃಷ್ಟಿಯಲ್ಲಿ ತಪ್ಪಿನ ಮೂಲ ಬಾಡಿಗೆಯ ಕರಾರಿನಲ್ಲಿದೆ. ಗೋವಾದ ದಂಡೆಗಳಲ್ಲಿ ‘ಡಾಲ್ಫಿನ್ ಕಾಣದಿದ್ದರೆ ದುಡ್ಡು ಬೇಡ’ ಎಂದು ಕರೆಯುವ ರೂಢಿ ಎಷ್ಟೋ ವರ್ಷದಿಂದ ಇದೆ. ಕೇಳಲು ಎಷ್ಟು ನ್ಯಾಯವಾದ ಮಾತು! ಆದರೆ ಅದರಲ್ಲಿ ಏನಾಗುತ್ತದೆ ನೋಡಿರಿ. ಒಂದು ಕಾಡುಪ್ರಾಣಿ ಇವತ್ತು ಎಲ್ಲಿ ಮೇಯುತ್ತದೋ ಎಂಬ ಅನಿಶ್ಚಯದ ಭಾರವನ್ನೆಲ್ಲ ಬೋಟಿನವನ ತಲೆಯ ಮೇಲೆ ಹೊರಿಸಿಬಿಡುತ್ತೇವೆ. ಡೀಸೆಲ್ ಸುಟ್ಟಿದ್ದು ಅವನದು, ಹೊತ್ತು ಕಳೆದದ್ದು ಅವನದು. ಡಾಲ್ಫಿನ್ ಬರದಿದ್ದರೆ ಮನೆಗೆ ಬರಿಗೈ. ಅಂಥವನು ಬೆನ್ನಟ್ಟದೆ ಏನು ಮಾಡಿಯಾನು? ಕಂಡದ್ದು ಒಂದೇ ಆದರೆ ಹತ್ತು ಬೋಟು ಅದನ್ನೇ ಸುತ್ತುವರಿಯದೆ ಇನ್ನೇನು ಮಾಡಿಯಾವು? ನಾವು ಬಿತ್ತನೆ ಮಾಡುವ ಜನ. ಮಳೆ ಬಾರದಿದ್ದರೂ ಬೀಜದ ದುಡ್ಡು, ಆಳಿನ ಕೂಲಿ ಕೊಟ್ಟೇ ಕೊಡುತ್ತೇವೆ, ಕೂಲಿಯವನಿಗೆ ಮಳೆಯ ಜಾಮೀನು ಕೇಳುವುದಿಲ್ಲ. ನಿಮ್ಮಿಂದ ಮಾತ್ರ ಡಾಲ್ಫಿನ್ನಿನ ಜಾಮೀನು ಕೇಳುವುದು ಅನ್ಯಾಯ. ನೀವು ನಮಗೆ ಮಾರುವುದು ಕಡಲ ಮೇಲಿನ ಒಂದು ತಾಸು, ಬೋಟು, ನಿಮ್ಮ ಕೈಚಳಕ, ಸುರಕ್ಷಿತವಾಗಿ ವಾಪಸು ತರುವ ಹೊಣೆ. ಅದಕ್ಕೆ ಪೂರ್ತಿ ಬಾಡಿಗೆ ಹತ್ತುವ ಮೊದಲೇ ತೆಗೆದುಕೊಳ್ಳಿರಿ. ಡಾಲ್ಫಿನ್ ಕಂಡರೆ ಅದರ ದಯೆ, ಕಾಣದಿದ್ದರೆ ಬಾಡಿಗೆ ವಾಪಸಿಲ್ಲ ಎಂದು ಬೋರ್ಡು ಬರೆದು ಹಾಕಿರಿ. ಮೊದಮೊದಲು ನಮ್ಮವರು ಜಗಳಾಡುತ್ತಾರೆ. ಎಲ್ಲ ಬೋಟಿನವರೂ ಒಟ್ಟಾಗಿ ಒಂದೇ ಮಾತು ಹೇಳಿದರೆ ಜಗಳ ಎರಡು ಸೀಸನ್ನಿಗಿಂತ ಹೆಚ್ಚು ನಡೆಯುವುದಿಲ್ಲ.

ಕಡಲಿನ ಮೇಲೆ ಹೇಗೆ ನಡೆದುಕೊಳ್ಳಬೇಕೆಂದು ಹೇಳಲು ನನಗಿಂತ ನಿಮಗೆ ಹೆಚ್ಚು ತಿಳಿದಿದೆ. ಆದರೂ ಬೇರೆ ಬೇರೆ ದೇಶಗಳಲ್ಲಿ ಪಾಲಿಸುವ ರೀತಿಯನ್ನು ಇಲ್ಲಿ ಬರೆಯುತ್ತೇನೆ, ನಮ್ಮವರು ಓದಿಕೊಂಡೇ ಬೋಟು ಹತ್ತಲಿ ಎಂದು. ಬೆನ್ನು ಕಂಡ ತಕ್ಷಣ ವೇಗ ಇಳಿಸಬೇಕು. ಎದುರಿನಿಂದಲೂ ಹಿಂದಿನಿಂದಲೂ ಹೋಗಬಾರದು. ಪಕ್ಕಕ್ಕೆ, ಅದು ಹೋಗುವ ದಿಕ್ಕಿಗೇ ಸಮಾನಾಂತರವಾಗಿ ನಿಧಾನಕ್ಕೆ ಸಾಗಬೇಕು. ಕನಿಷ್ಠ ಐವತ್ತು ಮೀಟರು ಅಂತರ ಬಿಟ್ಟು ನಿಲ್ಲಬೇಕು, ಮರಿ ಇದ್ದರೆ ಇನ್ನೂ ದೂರ. ತಾಯಿಗೂ ಮರಿಗೂ ನಡುವೆ ಬೋಟು ಹೋಗಲೇಬಾರದು. ಒಂದು ಗುಂಪಿನ ಹತ್ತಿರ ಎರಡು ಬೋಟು ಇದ್ದರೆ ಮೂರನೆಯವರು ದೂರದಲ್ಲಿ ಕಾಯಬೇಕು. ಇಪ್ಪತ್ತು ನಿಮಿಷ ನೋಡಿದ್ದು ಸಾಕು, ಹಿಂದೆ ತಿರುಗಬೇಕು. ತಿನ್ನಲು ಏನನ್ನೂ ಎಸೆಯಬಾರದು, ಚಪ್ಪಾಳೆ ತಟ್ಟಬಾರದು, ಪ್ಲಾಸ್ಟಿಕ್ ಚೀಲ ಗಾಳಿಗೆ ಬಿಡಬಾರದು. ಅದಾಗಿಯೇ ಬೋಟಿನ ಹತ್ತಿರ ಬಂದರೆ ಬರಲಿ. ಆಗ ಎಂಜಿನ್ ನ್ಯೂಟ್ರಲ್ಲಿಗೆ ಹಾಕಿ ಸುಮ್ಮನಿದ್ದರೆ ಆಯಿತು. ಎಂಜಿನ್ ನಿಂತ ಮೇಲೆ ಏನಾಗುತ್ತದೆ ಎಂಬುದು ಒಮ್ಮೆ ಅನುಭವಿಸಿದವರಿಗೆ ಗೊತ್ತು. ಬೋಟಿನ ಅಡಿಗೆ ನೀರು ಬಡಿಯುವ ಸದ್ದು, ಎಲ್ಲರೂ ಉಸಿರು ಬಿಗಿಹಿಡಿದು ಕೂತಿರುವುದು, ಆಮೇಲೆ ಎಡಕ್ಕೆ ಎಲ್ಲೋ ಆ ‘ಫುಸ್’. ಅದರ ಹಿಂದೆಯೇ ಇನ್ನೊಂದು, ಸಣ್ಣದು, ಮರಿಯದ್ದು. ಮೈ ಜುಂ ಎನ್ನುತ್ತದೆ. ಅಟ್ಟಿಸಿಕೊಂಡು ಹೋದ ಬೋಟಿನಲ್ಲಿದ್ದವರಿಗೆ ಇದು ಸಿಗುವುದಿಲ್ಲ.

ನೀವು ಗದರಿದರೆ ನಾವು ಕೇಳುತ್ತೇವೆಯೇ ಎಂಬ ಅನುಮಾನ ನಿಮಗಿರಬಹುದು. ಕೇಳಬೇಕು, ಏಕೆಂದರೆ ಬೋಟು ನಡೆಸುವವನ ಗದರಿಕೆಗೆ ನಮ್ಮ ನೆಲದಲ್ಲಿ ದೊಡ್ಡ ಗೌರವವಿದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ನಮ್ಮವರು. ತುಂಗಭದ್ರೆಯ ದಂಡೆಯಲ್ಲಿ, ರಾಣೇಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ಮುಕ್ತೇಶ್ವರ ಗುಡಿ ನೋಡಲು ಹೋದವರಿಗೆಲ್ಲ ಅವರ ಹೆಸರು ಕಿವಿಗೆ ಬೀಳುತ್ತದೆ. ದೋಣಿ ನಡೆಸಿ ಜನರನ್ನು ದಾಟಿಸುವುದು ಅವರ ಕಾಯಕ. ವಚನಕಾರರಲ್ಲಿ ಅವರಷ್ಟು ಖಾರವಾಗಿ, ಮುಖಕ್ಕೆ ಹೊಡೆದಂತೆ ಮಾತಾಡಿದವರು ಇಲ್ಲ. ದೊಡ್ಡವರು, ದುಡ್ಡಿದ್ದವರು, ಜಾತಿಯ ಮೇಲಿನವರು ಎಂದು ಅವರು ಮುಲಾಜು ನೋಡಲಿಲ್ಲ. ಅವರ ವಚನಗಳನ್ನು ಇಂದಿಗೂ ನಮ್ಮ ಶಾಲೆಗಳಲ್ಲಿ ಓದಿಸುತ್ತೇವೆ, ಜಯಂತಿ ಮಾಡುತ್ತೇವೆ, ಮೆರವಣಿಗೆ ತೆಗೆಯುತ್ತೇವೆ. ಎಂಟುನೂರು ವರ್ಷ ಹಿಂದಿನ ಅಂಬಿಗನ ಬೈಗುಳವನ್ನು ತಲೆಯ ಮೇಲೆ ಹೊತ್ತವರು ಇವತ್ತಿನ ಬೋಟಿನವನು ‘ಕೂತ್ಕೊಳ್ಳಿ, ಹತ್ತಿರ ಹೋಗೋದಿಲ್ಲ’ ಎಂದರೆ ಮುನಿಸಿಕೊಳ್ಳುವುದು ಎಲ್ಲಿಯ ನ್ಯಾಯ?

ನಿಮ್ಮ ಮಾತು ನಡೆಯಬೇಕು ಎನ್ನಲು ಡಾಲ್ಫಿನ್ ಒಂದೇ ಕಾರಣವೂ ಅಲ್ಲ. 2019ರ ಜನವರಿ 21ರಂದು ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಘಟ್ಟದ ಮೇಲಿನ ಊರುಗಳಿಂದ ಬಂದ ಕುಟುಂಬದವರಿದ್ದರು, ಚಿಕ್ಕ ಮಕ್ಕಳಿದ್ದರು. ಬೋಟಿನಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ ಇದ್ದರು. ಇನ್ನಿಬ್ಬರನ್ನು ಹತ್ತಿಸಿಕೊಳ್ಳಿರಿ, ಈ ಕಡೆ ತಿರುಗಿಸಿರಿ, ಇನ್ನೂ ಮುಂದೆ ಹೋಗಿರಿ ಎಂದು ಗಿರಾಕಿ ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಬೋಟಿನಲ್ಲಿ ಮನುಷ್ಯರೂ ಸುರಕ್ಷಿತರಲ್ಲ. ಎಲ್ಲರೂ ಎದ್ದು ಒಂದೇ ಮಗ್ಗುಲಿಗೆ ವಾಲಿದಾಗ ನಿಮ್ಮ ಮುಖದಲ್ಲಿ ಬರುವ ಆತಂಕ ನಮಗೆ ಕಾಣುವುದಿಲ್ಲ, ನಮ್ಮ ಕಣ್ಣು ಡಾಲ್ಫಿನ್ ಮೇಲಿರುತ್ತದೆ. ಆಗ ಜೋರು ಮಾಡಿ ಕೂರಿಸುವುದು ನಿಮ್ಮ ಹಕ್ಕು. ನಿಮ್ಮ ಧೈರ್ಯದ ಬಗ್ಗೆ ನಮಗೆ ಸಂಶಯವಿಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿ ನದಿಗೆ ಬಿದ್ದಾಗ, ಅದರ ಚಾಲಕ ಬದುಕಿ ದಡ ಸೇರಿದ್ದು ಮೀನುಗಾರರ ನೆರವಿನಿಂದ. ಮಳೆಗಾಲದ ಕತ್ತಲಲ್ಲಿ, ತುಂಬಿದ ಕಾಳಿಯಲ್ಲಿ ದೋಣಿ ಇಳಿಸಿದವರಿಗೆ ಹಗಲಲ್ಲಿ ನಮ್ಮಂಥ ಹತ್ತು ಜನಕ್ಕೆ ಬೇಡ ಎನ್ನುವುದು ದೊಡ್ಡ ಮಾತಲ್ಲ.

ಸರ್ಕಾರದವರಿಗೂ ಎರಡು ಮಾತು. ಡಾಲ್ಫಿನ್ ಯೋಜನೆಯನ್ನು ಪ್ರಧಾನಿಯವರು 2020ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಕಟಿಸಿದರು. ನದಿಯ ಡಾಲ್ಫಿನ್ನಿನಂತೆ ಕಡಲಿನದೂ ಅದರಲ್ಲಿ ಸೇರಿದೆ. ಅದಕ್ಕೂ ಮೊದಲು, 2013ರಲ್ಲಿ, ಡಾಲ್ಫಿನ್ನುಗಳನ್ನು ಕೊಳದಲ್ಲಿ ಕೂಡಿಹಾಕಿ ಆಟ ಆಡಿಸುವ ಕೇಂದ್ರಗಳಿಗೆ ಅನುಮತಿ ಇಲ್ಲ ಎಂದು ಕೇಂದ್ರ ಸರ್ಕಾರ ಖಡಾಖಂಡಿತ ಹೇಳಿತು. ಅದು ಹೆಮ್ಮೆಪಡುವ ತೀರ್ಮಾನ. ಕೊಳದಲ್ಲಿ ಕೂಡದ್ದು ಕಡಲಲ್ಲಿಯೂ ಕೂಡದು. ಬೋಟಿನ ಪರವಾನಗಿ ಕೊಡುವಾಗ ಲೈಫ್ ಜಾಕೆಟ್ ಎಣಿಸುವ ಜತೆಗೆ ಡಾಲ್ಫಿನ್ ಹತ್ತಿರ ನಡೆದುಕೊಳ್ಳುವ ರೀತಿಯನ್ನೂ ಕಲಿಸಲಿ, ನಿಯಮವನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ ದಂಡೆಯ ಮೇಲೆ ಬರೆಸಲಿ. ಆ ನಿಯಮ ಮಾಡುವಾಗ ಬೋಟಿನವರಾದ ನಿಮ್ಮನ್ನು ಕೂರಿಸಿಕೊಂಡು ಕೇಳಲಿ. ಯಾವ ತಿಂಗಳು ಯಾವ ಬಂಡೆಯ ಹತ್ತಿರ ಮರಿಗಳು ಕಾಣುತ್ತವೆ ಎಂದು ನಿಮ್ಮಷ್ಟು ಬಲ್ಲವರು ಯಾರಿದ್ದಾರೆ?

ಇನ್ನು ನಮ್ಮ ಕಡೆಯವರಿಗೆ. ಶಾಲಾ ಪ್ರವಾಸದ ಗುರುಗಳೇ, ಟೆಂಪೋ ಬುಕ್ ಮಾಡುವ ಗೆಳೆಯರೇ, ಸಂಘದ ಅಕ್ಕಂದಿರೇ, ಬೋಟು ಹತ್ತುವ ಮೊದಲು ದಂಡೆಯ ಮೇಲೆ ಐದು ನಿಮಿಷ ನಿಂತು ಮಕ್ಕಳಿಗೆ, ಹಿರಿಯರಿಗೆ ಇಷ್ಟು ಹೇಳಿರಿ: ಕಾಣಬಹುದು, ಕಾಣದೆಯೂ ಇರಬಹುದು, ಕೂಗಬಾರದು. ಒಂದು ದುರ್ಬೀನು ಒಯ್ಯಿರಿ, ಸರದಿಯ ಮೇಲೆ ನೋಡಲಿ. ಗೂನುಬೆನ್ನಿನ ಡಾಲ್ಫಿನ್ ದಂಡೆಗೆ ಹತ್ತಿರ ಬರುವುದರಿಂದ ಎತ್ತರದ ಜಾಗದಿಂದಲೂ ಎಷ್ಟೋ ಸಲ ಕಾಣುತ್ತದೆ. ಬೋಟಿನ ದುಡ್ಡಿಲ್ಲದವರು ಗೋಕರ್ಣದ ಕಡೆಯ ಗುಡ್ಡದ ನೆರಳಿನಲ್ಲಿ ಕೂತು ಕಾಯಬಹುದು. ಕಾಯುವುದು ನಮಗೆ ಹೊಸದಲ್ಲ. ಫೋಟೋ ಸಿಗದಿದ್ದರೆ ಬೋಟಿನವರ ಮೇಲೆ ರೇಗಬೇಡಿರಿ, ಬಾಡಿಗೆಯಲ್ಲಿ ಚೌಕಾಶಿ ಮಾಡಬೇಡಿರಿ. ದೂರ ನಿಲ್ಲಿಸಿದ ಬೋಟಿನವರಿಗೆ ಹತ್ತು ರೂಪಾಯಿ ಹೆಚ್ಚೇ ಕೊಡಿರಿ, ಊರಿಗೆ ಬಂದು ಅವರ ಹೆಸರನ್ನೇ ನಾಲ್ಕು ಜನಕ್ಕೆ ಹೇಳಿರಿ.

ಅಣ್ಣಂದಿರೇ, ಮಳೆ ಮುಗಿದು ಕಡಲು ತಿಳಿಯಾದ ಮೇಲೆ ನಾವು ಬರುತ್ತೇವೆ. ದೀಪಾವಳಿ ರಜೆಗೆ ಕೆಲವರು, ಡಿಸೆಂಬರಿಗೆ ಮಕ್ಕಳು, ಮೆಣಸಿನಕಾಯಿ ಮಾರಿದ ಮೇಲೆ ಉಳಿದವರು. ಬಾಡಿಗೆ ಮೊದಲೇ ತೆಗೆದುಕೊಳ್ಳಿರಿ. ಜಾಕೆಟ್ ಹಾಕದವರನ್ನು ಹತ್ತಿಸಬೇಡಿರಿ. ಎದ್ದು ನಿಂತವರನ್ನು ಗದರಿ ಕೂರಿಸಿರಿ. ಹತ್ತಿರ ಒಯ್ಯಿರಿ ಎಂದು ನಾನೇ ಕೇಳಿದರೂ ಒಯ್ಯಬೇಡಿರಿ.

ಇತಿ ನಿಮ್ಮ ವಿಶ್ವಾಸಿ,
ರಾಣೇಬೆನ್ನೂರಿನ ಒಬ್ಬ ಪ್ರಯಾಣಿಕ